ಬೆಳಕಿನ ಶಂಕು ಬರೆಯುವುದು, ಓದುವುದು: ಯಾವ ಘಟನೆ ಯಾವುದಕ್ಕೆ ಕಾರಣವಾಗಬಲ್ಲದು ಎಂದು ಪರೀಕ್ಷಿಸುವ ಕ್ರಮ

“ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸಿದರೆ ಅದು ಕಳಿಸುವ ಮೊದಲೇ ತಲುಪುತ್ತದಂತೆ, ಹೇಗೆ?” “ಒಬ್ಬರಿಗೆ ಮೊದಲು ನಡೆದದ್ದು ಇನ್ನೊಬ್ಬರಿಗೆ ಆಮೇಲೆ ನಡೆದಂತಾದರೆ, ಪೆಟ್ಟು ಬೀಳುವ ಮೊದಲೇ ಗಾಜು ಒಡೆಯಬಹುದೇ?” “ಸೂರ್ಯ ಈ ಕ್ಷಣ ಇಲ್ಲವಾದರೆ ಭೂಮಿಗೆ ಅದು ಗೊತ್ತಾಗುವುದು ಯಾವಾಗ?” ಸಾಪೇಕ್ಷತೆಯ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೂರಕ್ಕೂ ಉತ್ತರ ಒಂದೇ ಚಿತ್ರದಲ್ಲಿದೆ. 1905ರಲ್ಲಿ ಐನ್‌ಸ್ಟೈನ್ ವಿಶಿಷ್ಟ ಸಾಪೇಕ್ಷತೆಯನ್ನು ಮಂಡಿಸಿದ ಮೂರು ವರ್ಷಕ್ಕೆ, 1908ರಲ್ಲಿ, ಗಣಿತಜ್ಞ ಹರ್ಮನ್ ಮಿಂಕೋವ್‌ಸ್ಕಿ ದೇಶ (ಅಂದರೆ ಸ್ಥಳಾವಕಾಶ) ಮತ್ತು ಕಾಲವನ್ನು ಒಂದೇ ಹಾಳೆಯ ಮೇಲೆ ತಂದರು. ಆ ಹಾಳೆಯನ್ನು ನೀವೇ ಬರೆಯಬಹುದು. ಬರೆದ ಮೇಲೆ ಪ್ರಶ್ನೆ ಎಷ್ಟೇ ಗೋಜಲಾಗಿರಲಿ, ಕೊನೆಗೆ ಅದು ಒಂದು ಹೋಲಿಕೆಗೆ ಬಂದು ನಿಲ್ಲುತ್ತದೆ: ಎರಡು ಘಟನೆಗಳ ನಡುವಿನ ಹೊತ್ತಿನಲ್ಲಿ ಬೆಳಕು ಅಲ್ಲಿಂದ ಇಲ್ಲಿಗೆ ಬರಬಲ್ಲದೇ, ಇಲ್ಲವೇ?

ಓದುವುದಷ್ಟೇ ಸಾಲದು, ದಯವಿಟ್ಟು ಬರೆಯುತ್ತಾ ಹೋಗಿ. ಈ ವಿಷಯ ಕಣ್ಣಿಗಿಂತ ಕೈಗೆ ಬೇಗ ಹತ್ತುತ್ತದೆ.

ಬೇಕಾದದ್ದು

ಗ್ರಾಫ್ ಹಾಳೆ, ಸ್ಕೇಲ್, ಎರಡು ಬಣ್ಣದ ಪೆನ್ಸಿಲ್, ವರ್ಗಮೂಲ ತೆಗೆಯಬಲ್ಲ ಕ್ಯಾಲ್ಕುಲೇಟರ್. ಗಣಿತ ಹೈಸ್ಕೂಲಿನ ಬೀಜಗಣಿತವನ್ನು ದಾಟುವುದಿಲ್ಲ.

ಮೂರು ಪದಗಳು ಮೊದಲೇ ಸ್ಪಷ್ಟವಾಗಿರಲಿ. ‘ಘಟನೆ’ ಎಂದರೆ ಒಂದು ನಿರ್ದಿಷ್ಟ ಸ್ಥಳದಲ್ಲಿ, ಒಂದು ನಿರ್ದಿಷ್ಟ ಕ್ಷಣದಲ್ಲಿ ನಡೆಯುವಂಥದ್ದು. ಹಾಳೆಯ ಮೇಲೆ ಒಂದು ಚುಕ್ಕೆ. ‘ವಿಶ್ವರೇಖೆ’ ಎಂದರೆ ಒಂದು ವಸ್ತು ಕಾಲದುದ್ದಕ್ಕೂ ಹಾದುಹೋಗುವ ಚುಕ್ಕೆಗಳನ್ನೆಲ್ಲ ಸೇರಿಸಿದ ಗೆರೆ. ‘ಚೌಕಟ್ಟು’ ಎಂದರೆ ಒಬ್ಬ ವೀಕ್ಷಕ ತನ್ನ ಗಡಿಯಾರ ಮತ್ತು ಅಳತೆಗೋಲುಗಳಿಂದ ಘಟನೆಗಳಿಗೆ ಕೊಡುವ ಕಾಲ ಮತ್ತು ದೂರದ ಲೆಕ್ಕ. ಈ ಲೇಖನದಲ್ಲಿ ಚೌಕಟ್ಟು ಎಂದಾಗಲೆಲ್ಲ ವೇಗ ಬದಲಿಸದೆ ನೇರವಾಗಿ ಸಾಗುತ್ತಿರುವ ವೀಕ್ಷಕರದೇ ಚೌಕಟ್ಟು ಎಂದು ತಿಳಿಯಿರಿ.

ಹಂತ 1: ಅಳತೆಯ ಮಾನ ಸರಿಪಡಿಸಿ

ಬೆಳಕು ನಿರ್ವಾತದಲ್ಲಿ ಸೆಕೆಂಡಿಗೆ 29,97,92,458 ಮೀಟರ್ ಸಾಗುತ್ತದೆ. ಇದು ಅಂದಾಜಲ್ಲ, ನಿಖರ ಸಂಖ್ಯೆ. 1983ರಿಂದ ಮೀಟರಿನ ವ್ಯಾಖ್ಯಾನವೇ ಈ ವೇಗದ ಮೇಲೆ ನಿಂತಿದೆ. ಕಾಲವನ್ನು ಸೆಕೆಂಡಿನಲ್ಲಿ ಅಳೆದರೆ ದೂರವನ್ನು ‘ಬೆಳಕು-ಸೆಕೆಂಡಿ’ನಲ್ಲಿ ಅಳೆಯಿರಿ, ಅಂದರೆ ಬೆಳಕು ಒಂದು ಸೆಕೆಂಡಿನಲ್ಲಿ ಕ್ರಮಿಸುವ ದೂರ, ಸುಮಾರು 3 ಲಕ್ಷ ಕಿಲೋಮೀಟರ್. ಕಾಲ ವರ್ಷಗಳಲ್ಲಿದ್ದರೆ ದೂರ ಜ್ಯೋತಿರ್ವರ್ಷದಲ್ಲಿರಲಿ. ಕೋಣೆಯೊಳಗಿನ ಲೆಕ್ಕಕ್ಕೆ ನ್ಯಾನೋಸೆಕೆಂಡ್ ಅನುಕೂಲ: ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಹೋಗುತ್ತದೆ.

ಹೀಗೆ ಮಾಡಿದಾಗ ಬೆಳಕಿನ ವೇಗ 1 ಆಗುತ್ತದೆ. ಉಳಿದ ವೇಗಗಳೆಲ್ಲ ಅದರ ಭಾಗಗಳು: 0.6 ಎಂದರೆ ಬೆಳಕಿನ ವೇಗದ ಶೇಕಡ 60.

ಇಲ್ಲಿ ಆಗುವ ತಪ್ಪು: ಒಂದು ಅಕ್ಷಕ್ಕೆ ಸೆಕೆಂಡ್, ಇನ್ನೊಂದಕ್ಕೆ ಮೀಟರ್ ಇಟ್ಟುಕೊಳ್ಳುವುದು. ಆಗ ಬೆಳಕಿನ ಗೆರೆ ಅಡ್ಡ ಅಕ್ಷಕ್ಕೆ ಅಂಟಿಕೊಂಡು ಮಲಗಿಬಿಡುತ್ತದೆ, ಬೆಳಕಿನ ಗೆರೆಗಳಿಂದ ಹಂತ 3ರಲ್ಲಿ ಮೂಡಬೇಕಾದ ಶಂಕು ಕಾಣುವುದೇ ಇಲ್ಲ. ನಮ್ಮ ದಿನನಿತ್ಯದ ಬದುಕಿನಲ್ಲಿ ಶಂಕು ಅನುಭವಕ್ಕೆ ಬಾರದಿರುವುದಕ್ಕೂ ಇದೇ ಕಾರಣ. ನಾವು ಬಳಸುವ ಮಾನದಲ್ಲಿ ಅದು ಅಷ್ಟೊಂದು ಅಗಲ.

ಹಂತ 2: ಅಕ್ಷ ಹಾಕಿ, ಘಟನೆಗಳನ್ನು ಗುರುತಿಸಿ

ಕಾಲದ ಅಕ್ಷ ನೆಟ್ಟಗೆ, ಕೆಳಗಿನಿಂದ ಮೇಲಕ್ಕೆ. ದೂರದ ಅಕ್ಷ ಅಡ್ಡಲಾಗಿ. ಎರಡಕ್ಕೂ ಒಂದು ಸೆಂಟಿಮೀಟರಿಗೆ ಒಂದು ಘಟಕ. ಅವು ಸೇರುವ ಜಾಗದಲ್ಲಿ ಮೊದಲ ಘಟನೆಯನ್ನಿಡಿ, ಅದನ್ನು ‘ಅ’ ಎನ್ನೋಣ. ಇನ್ನು ಮುಂದೆ ‘ಅ’ಯಿಂದ ಎಣಿಸಿದ ಕಾಲವನ್ನು ‘ಕಾ’ ಎಂದೂ ದೂರವನ್ನು ‘ದೂ’ ಎಂದೂ ಬರೆಯುತ್ತೇನೆ. ಈ ಮೂರು ಘಟನೆಗಳನ್ನು ಹಾಳೆಯ ಮೇಲೆ ಚುಕ್ಕೆಯಿಟ್ಟು ಗುರುತಿಸಿ:

ಬ: ಕಾ = 3, ದೂ = 5
ಕ: ಕಾ = 5, ದೂ = 3
ಡ: ಕಾ = 4, ದೂ = 4

ಈ ಹಂತದಲ್ಲಿ ಎಡವುವವರೇ ಹೆಚ್ಚು, ಆದ್ದರಿಂದ ಸ್ವಲ್ಪ ನಿಧಾನಿಸೋಣ. ‘ಕಾ’ ಎಂಬುದು ಘಟನೆ ನಡೆದ ಹೊತ್ತು, ನಿಮ್ಮ ಕಣ್ಣಿಗೆ ಕಂಡ ಹೊತ್ತಲ್ಲ. ಸೂರ್ಯನ ಮೇಲ್ಮೈಯಲ್ಲಿ ಒಂದು ಸ್ಫೋಟ ಈಗ ಕಂಡಿತೆಂದರೆ, ಬೆಳಕು ಬರಲು ಹಿಡಿದ 499 ಸೆಕೆಂಡುಗಳನ್ನು (8 ನಿಮಿಷ 19 ಸೆಕೆಂಡ್) ಕಳೆದು ಆ ಘಟನೆಯನ್ನು ಹಾಳೆಯ ಮೇಲೆ ಅಷ್ಟು ಕೆಳಗೆ ಗುರುತಿಸಬೇಕು. ಸಾಪೇಕ್ಷತೆಯಲ್ಲಿ ಕಾಲದ ಲೆಕ್ಕ ವೀಕ್ಷಕರಿಂದ ವೀಕ್ಷಕರಿಗೆ ಬದಲಾಗುವುದು ಬೆಳಕು ತಡವಾಗಿ ಬರುವುದರಿಂದ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಆ ತಡವನ್ನೆಲ್ಲ ಕಳೆದ ಮೇಲೂ ಉಳಿಯುವ ವ್ಯತ್ಯಾಸವೇ ನಿಜವಾದ ಸಾಪೇಕ್ಷತಾ ಪರಿಣಾಮ.

ಹಾಳೆಯ ಮೇಲೆ ಒಂದೇ ದೂರದ ಅಕ್ಷವಿದ್ದರೂ ನಿಜವಾದ ದೇಶಕ್ಕೆ ಮೂರು ಆಯಾಮ. ಎರಡು ಘಟನೆಗಳು ಓರೆಯಾಗಿ ದೂರವಿದ್ದರೆ ಮೂರೂ ದಿಕ್ಕುಗಳ ವ್ಯತ್ಯಾಸಗಳ ವರ್ಗ ಕೂಡಿಸಿ, ವರ್ಗಮೂಲ ತೆಗೆದು, ಬಂದದ್ದನ್ನು ‘ದೂ’ ಎಂದು ಬಳಸಿ.

ಹಂತ 3: ಶಂಕು ಬರೆಯಿರಿ

‘ಅ’ ಚುಕ್ಕೆಯ ಮೂಲಕ 45 ಡಿಗ್ರಿಯಲ್ಲಿ ಎರಡು ಗೆರೆಗಳನ್ನು ಎಳೆಯಿರಿ, ಒಂದು ಬಲಕ್ಕೆ ಏರುವುದು, ಇನ್ನೊಂದು ಎಡಕ್ಕೆ ಏರುವುದು. ಎರಡನ್ನೂ ‘ಅ’ಯ ಕೆಳಗೂ ಮುಂದುವರಿಸಿ. ಗುಣಾಕಾರದ ಚಿಹ್ನೆಯಂಥ ಆಕಾರ ಬರುತ್ತದೆ. ‘ಅ’ಯಲ್ಲಿ ಮಿಂಚಿದ ಬೆಳಕು ಸಾಗುವ ದಾರಿ ಮೇಲಿನ ಅರ್ಧ, ‘ಅ’ಯನ್ನು ತಲುಪುವ ಬೆಳಕು ಬರುವ ದಾರಿ ಕೆಳಗಿನ ಅರ್ಧ. ದೂರಕ್ಕೆ ಎರಡು ಆಯಾಮ ಕೊಟ್ಟು ಈ ಗೆರೆಗಳನ್ನು ಕಾಲದ ಅಕ್ಷದ ಸುತ್ತ ತಿರುಗಿಸಿದರೆ ಶಂಕುವಿನ ಆಕಾರ ಮೂಡುತ್ತದೆ, ಹೆಸರು ಬಂದದ್ದು ಅದರಿಂದ. ಮೂರೂ ಆಯಾಮಗಳಲ್ಲಿ ಅದು ಪ್ರತಿ ಕ್ಷಣವೂ ಹಿಗ್ಗುತ್ತಿರುವ ಬೆಳಕಿನ ಗೋಳ.

ಈಗ ಹಾಳೆ ಮೂರು ಪಾಲಾಗಿದೆ. ಮೇಲಿನ ಶಂಕುವಿನ ಒಳಗೆ ಮತ್ತು ಅದರ ಗೆರೆಯ ಮೇಲೆ ಇರುವುದು ‘ಅ’ಯ ಭವಿಷ್ಯ: ‘ಅ’ಯಲ್ಲಿ ನಡೆದದ್ದು ಅಲ್ಲಿನ ಘಟನೆಗಳ ಮೇಲೆ ಪ್ರಭಾವ ಬೀರಬಲ್ಲದು. ಕೆಳಗಿನ ಶಂಕು ‘ಅ’ಯ ಭೂತ: ‘ಅ’ಗೆ ಕಾರಣವಾಗಬಲ್ಲ ಎಲ್ಲವೂ ಅಲ್ಲಿದೆ. ಎಡಬಲಗಳಲ್ಲಿ ಉಳಿದದ್ದು ‘ಬೇರೆಡೆ’. ಅಲ್ಲಿಯ ಘಟನೆಗಳಿಗೂ ‘ಅ’ಗೂ ಯಾವ ಕಡೆಯಿಂದಲೂ ಕಾರಣದ ಸಂಬಂಧ ಸಾಧ್ಯವಿಲ್ಲ.

ಈ ‘ಬೇರೆಡೆ’ ಎಷ್ಟು ದೊಡ್ಡದು ಎಂಬುದನ್ನು ಗಮನಿಸಿ. ‘ದೂ’ ಅಷ್ಟು ದೂರದಲ್ಲಿರುವ ಒಂದು ಸ್ಥಳವನ್ನು ಆರಿಸಿ, ಹಾಳೆಯ ಮೇಲೆ ಅಲ್ಲೊಂದು ನೆಟ್ಟ ಗೆರೆ ಎಳೆಯಿರಿ. ಆ ಗೆರೆ ‘ಬೇರೆಡೆ’ಯೊಳಗೆ ಇರುವುದು ‘ದೂ’ವಿನ ಎರಡರಷ್ಟು ಹೊತ್ತು. ಚಂದ್ರನಿಗೆ ಅದು ಸುಮಾರು 2.6 ಸೆಕೆಂಡ್. ಸೂರ್ಯನಿಗೆ 16 ನಿಮಿಷ 38 ಸೆಕೆಂಡ್. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೆಡಾ ಗ್ಯಾಲಕ್ಸಿಗೆ 50 ಲಕ್ಷ ವರ್ಷ. “ಆಂಡ್ರೊಮೆಡಾದಲ್ಲಿ ಈಗ ಏನಾಗುತ್ತಿದೆ?” ಎಂದು ಕೇಳುವವರಿಗೆ ಇದನ್ನು ಹೇಳಲೇಬೇಕು: ಆ 50 ಲಕ್ಷ ವರ್ಷಗಳಲ್ಲಿ ಯಾವ ಕ್ಷಣವನ್ನು ‘ಈಗ’ ಎಂದು ಕರೆದರೂ ಇಲ್ಲಿನ ಯಾವ ಕಾರಣ, ಯಾವ ಪರಿಣಾಮವೂ ಬದಲಾಗುವುದಿಲ್ಲ.

ಇದಕ್ಕೊಂದು ನಿಜವಾದ ಉದಾಹರಣೆ ನೋಡಿ. 2021ರ ಫೆಬ್ರವರಿ 18ರಂದು ನಾಸಾದ ಪರ್ಸೆವೆರೆನ್ಸ್ ರೋವರ್ ಮಂಗಳದಲ್ಲಿ ಇಳಿಯಿತು. ವಾತಾವರಣ ಪ್ರವೇಶಿಸಿ ನೆಲ ಮುಟ್ಟುವವರೆಗೆ ಸುಮಾರು 7 ನಿಮಿಷ. ಅಂದು ಸಂಕೇತ ಭೂಮಿಗೆ ಬರಲು ಹಿಡಿಯುತ್ತಿದ್ದದ್ದು 11 ನಿಮಿಷಕ್ಕೂ ಹೆಚ್ಚು. ಪ್ರವೇಶದ ಸುದ್ದಿ ತಿಳಿದ ತಕ್ಷಣ ಆದೇಶ ಕಳಿಸಿದರೂ ಅದು ಪ್ರವೇಶದ 22 ನಿಮಿಷಗಳ ನಂತರವೇ ಮುಟ್ಟುತ್ತಿತ್ತು. ಹಾಗಾಗಿ ಇಳಿಯುವಾಗಿನ ಪ್ರತಿ ನಿರ್ಧಾರವನ್ನೂ ನೌಕೆಯ ಕಂಪ್ಯೂಟರ್ ತಾನೇ ತೆಗೆದುಕೊಳ್ಳಬೇಕಿತ್ತು.

ಹಂತ 4: ಅಂತರ ಲೆಕ್ಕ ಹಾಕಿ

ಚಿತ್ರವಿಲ್ಲದೆಯೂ ತೀರ್ಪು ಕೊಡುವ ಸೂತ್ರ ಇದು:

ಅಂತರದ ವರ್ಗ = ಕಾ² − ದೂ²

ಇದರ ಬಲ ಇರುವುದು ಒಂದು ಗುಣದಲ್ಲಿ. ‘ಕಾ’ ಮತ್ತು ‘ದೂ’ ವೀಕ್ಷಕರಿಂದ ವೀಕ್ಷಕರಿಗೆ ಬದಲಾಗುತ್ತವೆ, ಈ ವ್ಯತ್ಯಾಸ ಮಾತ್ರ ಎಲ್ಲರಿಗೂ ಒಂದೇ.

ಉತ್ತರ ಧನವಾದರೆ ಎರಡು ಘಟನೆಗಳ ಅಂತರ ‘ಕಾಲಸದೃಶ’. ಬೆಳಕಿಗಿಂತ ನಿಧಾನವಾದ ವಸ್ತುವೊಂದು ಎರಡರಲ್ಲೂ ಹಾಜರಿರಬಲ್ಲದು. ‘ಕ’ಗೆ 25 − 9 = 16. ವರ್ಗಮೂಲ 4. ‘ಅ’ಯಿಂದ ‘ಕ’ಗೆ ನೇರವಾಗಿ ಸಾಗಿದ ಗಡಿಯಾರ 5 ಅಲ್ಲ, 4 ಸೆಕೆಂಡ್ ತೋರಿಸುತ್ತದೆ.

ಸೊನ್ನೆ ಬಂದರೆ ‘ಬೆಳಕುಸದೃಶ’. ‘ಡ’ಗೆ 16 − 16 = 0. ಬೆಳಕು ಮಾತ್ರ ಸರಿಯಾಗಿ ಮುಟ್ಟುತ್ತದೆ.

ಋಣವಾದರೆ ‘ದೇಶಸದೃಶ’. ‘ಬ’ಗೆ 9 − 25 = −16. ಕಾರಣದ ಸಂಬಂಧ ಸಾಧ್ಯವಿಲ್ಲ. ಚಿಹ್ನೆ ಬಿಟ್ಟು ವರ್ಗಮೂಲ ತೆಗೆದರೆ ಸಿಗುವ 4 ಬೆಳಕು-ಸೆಕೆಂಡ್, ಎರಡೂ ಒಂದೇ ಕ್ಷಣದಲ್ಲಿ ನಡೆದವು ಎನ್ನುವ ವೀಕ್ಷಕ ಅಳೆಯುವ ದೂರ.

ಎಚ್ಚರಿಕೆ: ಕೆಲವು ಪುಸ್ತಕಗಳು ಇದನ್ನು ತಿರುಗಿಸಿ ದೂ² − ಕಾ² ಎಂದು ಬರೆಯುತ್ತವೆ. ಎರಡೂ ಸರಿ, ಆದರೆ ಚಿಹ್ನೆಯ ಅರ್ಥ ಉಲ್ಟಾ. ಹೊಸ ಪುಸ್ತಕ ತೆರೆದಾಗ ಮೊದಲು ಇದನ್ನು ನೋಡಿಕೊಳ್ಳಿ. ಇನ್ನೊಂದು ಮಾತು. ಅಂತರ ಕಾಲಸದೃಶ ಎಂದರೆ ಒಂದು ಇನ್ನೊಂದಕ್ಕೆ ಕಾರಣವಾಗ*ಬಹುದು* ಎಂದಷ್ಟೇ, ಕಾರಣವಾಗಿಯೇ ಇದೆ ಎಂದಲ್ಲ. ಶಂಕು ಸಾಧ್ಯತೆಯ ಗಡಿ ಹಾಕುತ್ತದೆ; ನಿಜವಾದ ಕಾರಣವನ್ನು ಬೇರೆ ಸಾಕ್ಷ್ಯಗಳಿಂದಲೇ ಹುಡುಕಬೇಕು.

ಹಂತ 5: ಓಡುತ್ತಿರುವ ವೀಕ್ಷಕರ ಲೆಕ್ಕದಲ್ಲಿ ಪರೀಕ್ಷಿಸಿ

ಲೇಖನದ ತಿರುಳು ಇಲ್ಲಿದೆ. ಬಲಕ್ಕೆ ‘ವೇ’ ವೇಗದಲ್ಲಿ ಸಾಗುತ್ತಿರುವ ವೀಕ್ಷಕರಿಗೆ ಅದೇ ಘಟನೆಯ ಕಾಲ ಮತ್ತು ದೂರ ಹೀಗೆ:

ಹೊಸ ಕಾ = ಗ್ಯಾಮಾ × (ಕಾ − ವೇ × ದೂ)
ಹೊಸ ದೂ = ಗ್ಯಾಮಾ × (ದೂ − ವೇ × ಕಾ)

ಗ್ಯಾಮಾ ಎಂಬುದು 1ನ್ನು (1 − ವೇ²)ರ ವರ್ಗಮೂಲದಿಂದ ಭಾಗಿಸಿದ ಸಂಖ್ಯೆ. ವೇ 0.6 ಆದಾಗ ಗ್ಯಾಮಾ 1.25, ವೇ 0.8 ಆದಾಗ 5/3. ಇದು ಲೊರೆಂಟ್ಸ್ ಪರಿವರ್ತನೆ. (ಎಡ ಬಲ ಮುಖ್ಯವಾದ್ದರಿಂದ ಇಲ್ಲಿ ‘ದೂ’ಗೆ ಧನ, ಋಣ ಚಿಹ್ನೆ ಇರುತ್ತದೆ.)

‘ಬ’ಯನ್ನು ಹಾಕಿ ನೋಡಿ. ವೇ = 0.6: ಹೊಸ ಕಾ = 1.25 × (3 − 3) = 0. ಈ ವೀಕ್ಷಕರಿಗೆ ‘ಅ’ ಮತ್ತು ‘ಬ’ ಏಕಕಾಲದಲ್ಲಿ ನಡೆದವು. ಹೊಸ ದೂ = 1.25 × (5 − 1.8) = 4, ಹಂತ 4ರಲ್ಲಿ ಬಂದ ಸಂಖ್ಯೆಯೇ. ವೇ = 0.8: ಹೊಸ ಕಾ = 5/3 × (3 − 4) = −5/3. ಇವರ ಪ್ರಕಾರ ‘ಬ’ ಮೊದಲು, ‘ಅ’ ಆಮೇಲೆ! ಹೊಸ ದೂ 13/3. ತಾಳೆ ನೋಡಿ: 25/9 − 169/9 = −16. ಅಂತರ ಅಲುಗಿಲ್ಲ.

ಈಗ ‘ಕ’. ವೇ = 0.6: ಹೊಸ ಕಾ = 1.25 × (5 − 1.8) = 4. ವೇ = 0.8: ಹೊಸ ಕಾ = 5/3 × (5 − 2.4) = 13/3. ಎರಡೂ ಧನ. ವೇ 0.99 ಹಾಕಿ, 0.9999 ಹಾಕಿ, ‘ಕ’ ಎಂದೂ ‘ಅ’ಗಿಂತ ಮೊದಲಾಗುವುದಿಲ್ಲ.

ಯಾಕೆಂದು ಸೂತ್ರದಲ್ಲೇ ಬರೆದಿದೆ. ಕ್ರಮ ತಿರುಗಬೇಕಾದರೆ ವೇ × ದೂ ಎಂಬುದು ‘ಕಾ’ಗಿಂತ ದೊಡ್ಡದಾಗಬೇಕು, ಅಂದರೆ ವೇ > ಕಾ ÷ ದೂ. ‘ಬ’ಗೆ ಈ ಮಿತಿ 3/5, ಬೆಳಕಿನ ವೇಗಕ್ಕಿಂತ ಕಡಿಮೆ, ಹಾಗಾಗಿ ಅಂಥ ವೀಕ್ಷಕರು ಇರಬಲ್ಲರು. ‘ಕ’ಗೆ ಅದು 5/3, ಬೆಳಕಿಗಿಂತ ಹೆಚ್ಚು, ಅಂಥ ವೀಕ್ಷಕರು ಯಾರೂ ಇಲ್ಲ. ಮೊದಲು, ಆಮೇಲೆ ಎಂಬುದು ಶಂಕುವಿನ ಒಳಗೆ ಎಲ್ಲರಿಗೂ ಒಂದೇ. ಶಂಕುವಿನ ಹೊರಗೆ ಮಾತ್ರ ಅದು ವೀಕ್ಷಕರನ್ನು ಅವಲಂಬಿಸಿದೆ, ಮತ್ತು ಅಲ್ಲಿ ಯಾವುದೂ ಯಾವುದಕ್ಕೂ ಕಾರಣವಾಗಲಾರದು. ಗಾಜಿಗೆ ಪೆಟ್ಟು ಬೀಳುವುದು, ಗಾಜು ಒಡೆಯುವುದು ಎರಡೂ ಒಂದೇ ಶಂಕುವಿನಲ್ಲಿವೆ. ಅವುಗಳ ಕ್ರಮವನ್ನು ಯಾರೂ ತಿರುಗಿಸಲಾರರು.

ಇದನ್ನು ಚಿತ್ರದಲ್ಲೂ ಕಾಣಬಹುದು. 0.6 ವೇಗದ ವೀಕ್ಷಕರ ಕಾಲದ ಅಕ್ಷವನ್ನು ‘ಅ’ಯಿಂದ ಹೊರಟು 6 ಬಲಕ್ಕೆ, 10 ಮೇಲಕ್ಕೆ ಹೋಗುವಂತೆ ಬಣ್ಣದ ಪೆನ್ಸಿಲ್‌ನಲ್ಲಿ ಎಳೆಯಿರಿ. ಅವರ ‘ಏಕಕಾಲದ ಗೆರೆ’ 10 ಬಲಕ್ಕೆ, 6 ಮೇಲಕ್ಕೆ. ಮೊದಲನೆಯದು ‘ಕ’ಯ ಮೇಲೆ, ಎರಡನೆಯದು ‘ಬ’ಯ ಮೇಲೆ ನೇರವಾಗಿ ಹಾಯುತ್ತವೆ. ಎರಡೂ 45 ಡಿಗ್ರಿ ಗೆರೆಯ ಕಡೆಗೆ ಒಂದೇ ಪ್ರಮಾಣದಲ್ಲಿ ಬಾಗಿವೆ, ಆ ಗೆರೆ ಮಾತ್ರ ಕದಲಿಲ್ಲ. ಇದೇ ಬೆಳಕಿನ ವೇಗ ಎಲ್ಲರಿಗೂ ಒಂದೇ ಎಂಬುದರ ಚಿತ್ರರೂಪ.

ಈ ಓರೆ ಅಕ್ಷಗಳ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಅವರ 1 ಸೆಕೆಂಡಿನ ಗುರುತು ಬೀಳುವುದು ಕಾ = 1.25, ದೂ = 0.75ರಲ್ಲಿ, ಹಾಳೆಯ ಮೇಲೆ ಸುಮಾರು 1.46 ಸೆಂಟಿಮೀಟರ್ ದೂರದಲ್ಲಿ. ಹಾಳೆ ಪೈಥಾಗೊರಸ್‌ನಂತೆ ವರ್ಗಗಳನ್ನು ಕೂಡಿಸುತ್ತದೆ, ದೇಶಕಾಲ ಕಳೆಯುತ್ತದೆ. ಗುರುತುಗಳನ್ನು ಸೂತ್ರದಿಂದಲೇ ಹಾಕಿ.

ಹಂತ 6: ನಿಜವಾದ ಅಂಕಿಗಳ ಮೇಲೆ ಪ್ರಯೋಗಿಸಿ

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯಗಳು ಮೊದಲ ಬಾರಿಗೆ ಗುರುತ್ವದ ಅಲೆಯನ್ನು (ದೇಶಕಾಲದಲ್ಲೇ ಏಳುವ ಕಂಪನವನ್ನು) ಹಿಡಿದವು. ಲಿವಿಂಗ್‌ಸ್ಟನ್‌ನ ಉಪಕರಣ ಮೊದಲು ಅಲುಗಿತು, ಸುಮಾರು 7 ಮಿಲಿಸೆಕೆಂಡ್ ನಂತರ ಹ್ಯಾನ್‌ಫರ್ಡ್‌ನದು. ಎರಡರ ನಡುವಿನ ನೇರ ದೂರ ಸುಮಾರು 3,000 ಕಿಲೋಮೀಟರ್, ಅಂದರೆ 10 ಬೆಳಕು-ಮಿಲಿಸೆಕೆಂಡ್. ಅಂತರದ ವರ್ಗ: 49 − 100 = −51. ದೇಶಸದೃಶ. ಲಿವಿಂಗ್‌ಸ್ಟನ್‌ನಲ್ಲಿ ಆದ ಯಾವ ಅಲುಗಾಟವೂ ಹ್ಯಾನ್‌ಫರ್ಡ್‌ನ ಅಲುಗಾಟಕ್ಕೆ ಕಾರಣವಾಗಿರಲಾರದು. ಎರಡೂ ಒಂದೇ ಆಕಾರದ ಸಂಕೇತ ಕಂಡಿದ್ದರಿಂದ, ಕಾರಣ ಎರಡರ ಭೂತಶಂಕುಗಳೂ ಕೂಡುವ ಜಾಗದಲ್ಲಿರಬೇಕು. ಅದು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾದ ಘಟನೆ. ಲಿವಿಂಗ್‌ಸ್ಟನ್‌ನಿಂದ ಹ್ಯಾನ್‌ಫರ್ಡ್‌ನ ದಿಕ್ಕಿಗೆ 0.7 ವೇಗದಲ್ಲಿ ಸಾಗುವ ವೀಕ್ಷಕರಿಗೆ ಎರಡೂ ಪತ್ತೆಗಳು ಏಕಕಾಲದವು, ಅದಕ್ಕೂ ವೇಗವಾಗಿ ಸಾಗುವವರಿಗೆ ಹ್ಯಾನ್‌ಫರ್ಡ್ ಮೊದಲು. ಯಾರ ಭೌತವಿಜ್ಞಾನವೂ ಕೆಡುವುದಿಲ್ಲ.

ಸೂರ್ಯನ ಪ್ರಶ್ನೆಗೆ ಉತ್ತರವೂ ಹೀಗೆಯೇ. ಗುರುತ್ವದ ಬದಲಾವಣೆಯೂ ಶಂಕುವನ್ನು ದಾಟುವುದಿಲ್ಲ. 2017ರ ಆಗಸ್ಟ್ 17ರಂದು, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದಾಗ ಹೊರಟ ಗುರುತ್ವದ ಅಲೆಯೂ ಗ್ಯಾಮಾ ಕಿರಣವೂ ಕೇವಲ 1.7 ಸೆಕೆಂಡ್ ಅಂತರದಲ್ಲಿ ಭೂಮಿಗೆ ಬಂದವು. ಸೂರ್ಯನಲ್ಲಿ ಏನೇ ಆದರೂ ಭೂಮಿ 8 ನಿಮಿಷ 19 ಸೆಕೆಂಡ್ ಹಳೆಯ ಕಕ್ಷೆಯಲ್ಲೇ ಸಾಗುತ್ತದೆ.

ಹಂತ 7: ಬೆಳಕನ್ನು ಮೀರಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ

ಬೆಳಕಿನ 4 ಪಟ್ಟು ವೇಗದ ಸಂದೇಶ ಸಾಧ್ಯವೆಂದು ವಾದಕ್ಕೆ ಒಪ್ಪೋಣ. ನೀವು ‘ಅ’ಯಿಂದ ಕಳಿಸಿದಿರಿ; ಅದು ಕಾ = 1, ದೂ = 4ರಲ್ಲಿ ಗೆಳತಿಗೆ ಮುಟ್ಟಿತು. ಆ ಕ್ಷಣ ಗೆಳತಿ ನಿಮ್ಮಿಂದ 0.8 ವೇಗದಲ್ಲಿ ದೂರ ಸರಿಯುತ್ತಿದ್ದಾಳೆ. ಅವಳ ಚೌಕಟ್ಟಿಗೆ ಬದಲಿಸಿ:

ಹೊಸ ಕಾ = 5/3 × (1 − 3.2) = −11/3
ಹೊಸ ದೂ = 5/3 × (4 − 0.8) = 16/3

ಅವಳು ತಕ್ಷಣ ಅದೇ ಬಗೆಯ ಸಾಧನದಿಂದ, ತನ್ನ ಚೌಕಟ್ಟಿನಲ್ಲಿ 4 ಪಟ್ಟು ವೇಗದಲ್ಲಿ, ನಿಮ್ಮ ಕಡೆಗೆ ಉತ್ತರ ಕಳಿಸುತ್ತಾಳೆ. ಅವಳ ಲೆಕ್ಕದಲ್ಲಿ ನೀವು 0.8 ವೇಗದಲ್ಲಿ ಹಿಂದಕ್ಕೆ ಸರಿಯುತ್ತಿದ್ದೀರಿ, ಅಂದರೆ ನಿಮ್ಮ ಜಾಗ −0.8 × ಹೊಸ ಕಾ. ಉತ್ತರದ ಜಾಗ 16/3 − 4 × (ಹೊಸ ಕಾ + 11/3). ಎರಡನ್ನೂ ಸಮ ಮಾಡಿದರೆ 3.2 × ಹೊಸ ಕಾ = −28/3, ಅಂದರೆ ಹೊಸ ಕಾ ಸುಮಾರು −2.917. ನಿಮ್ಮ ಗಡಿಯಾರಕ್ಕೆ ಬದಲಿಸಲು ಗ್ಯಾಮಾದಿಂದ ಭಾಗಿಸಿ: −1.75 ಸೆಕೆಂಡ್.

ಉತ್ತರ ನಿಮ್ಮ ಕೈ ಸೇರುವುದು ಪ್ರಶ್ನೆ ಕಳಿಸುವುದಕ್ಕೆ 1.75 ಸೆಕೆಂಡ್ ಮೊದಲು. ಆ ಉತ್ತರ “ಕಳಿಸಬೇಡ” ಎಂದಿದ್ದು, ನೀವು ಕಳಿಸದೇ ಇದ್ದರೆ, ಉತ್ತರ ಬಂದದ್ದಾದರೂ ಎಲ್ಲಿಂದ? ವಿರೋಧಾಭಾಸ ಇಲ್ಲಿದೆ. ಶಂಕುವನ್ನು ದಾಟುವ ಸಂದೇಶವನ್ನು ಭೌತವಿಜ್ಞಾನಿಗಳು ಒಪ್ಪದಿರುವುದು ‘ವೇಗದ ಮಿತಿ’ ಎಂಬ ಬರೀ ನಿಯಮಕ್ಕಾಗಿ ಅಲ್ಲ, ಈ ಕುಣಿಕೆಗಾಗಿ.

ಒಂದು ತಪ್ಪು ತಿಳಿವಳಿಕೆ ಬೇಡ. ಒಂದೇ ದಿಕ್ಕಿನ ಅತಿವೇಗದ ಸಂದೇಶದಿಂದ ಕುಣಿಕೆ ಬಿಗಿಯುವುದಿಲ್ಲ. ಹೋಗಲೂ ಬರಲೂ ಬೇಕು, ಗೆಳತಿಯ ವೇಗವೂ ಸಾಕಷ್ಟಿರಬೇಕು. ಸಂದೇಶದ ವೇಗ ‘ಸಂ’ ಆದರೆ ಗೆಳತಿಯ ವೇಗ 2ಸಂ ÷ (1 + ಸಂ²) ಎಂಬುದನ್ನು ಮೀರಬೇಕು. ಸಂ = 4ಕ್ಕೆ ಇದು 8/17, ಸುಮಾರು 0.47. ಸಂ = 5/3 ಆದರೆ 0.88, ಆಗ 0.8ರಲ್ಲಿ ಸಾಗುವ ಗೆಳತಿಗೆ ಸಂದೇಶ ‘ಬ’ಯಲ್ಲಿ (ಕಾ = 3, ದೂ = 5) ಮುಟ್ಟಿದರೆ ಅವಳ ಉತ್ತರ ನಿಮಗೆ ಸುಮಾರು 1.08 ಸೆಕೆಂಡ್ *ನಂತರ* ಸಿಗುತ್ತದೆ, ವಿರೋಧಾಭಾಸವಿಲ್ಲ. ಆದರೆ ಬೆಳಕಿನ ವೇಗವನ್ನು ಎಷ್ಟೇ ಸ್ವಲ್ಪ ಮೀರಿದರೂ ಈ ಮಿತಿ 1ಕ್ಕಿಂತ ಕಡಿಮೆಯೇ. ಕುಣಿಕೆ ಬಿಗಿಯಬಲ್ಲ ವೀಕ್ಷಕರು ಯಾವಾಗಲೂ ಸಿಗುತ್ತಾರೆ.

ಹಂತ 8: ‘ಬೆಳಕಿಗಿಂತ ವೇಗ’ ಎಂಬ ಸುದ್ದಿಗಳನ್ನು ಸೋಸಿ

ಕೇಳಬೇಕಾದ ಪ್ರಶ್ನೆ ಒಂದೇ: ಒಂದು ತುದಿಯಲ್ಲಿ ನಾನು ಮಾಡಿದ ಆಯ್ಕೆ ಇನ್ನೊಂದು ತುದಿಯಲ್ಲಿ ಬೆಳಕಿಗಿಂತ ಮೊದಲು ಗೊತ್ತಾಗುತ್ತದೆಯೇ?

ಚಂದ್ರನ ಮೇಲೆ ಲೇಸರ್ ಬಿಟ್ಟು ಮಣಿಕಟ್ಟು ತಿರುಗಿಸಿದರೆ, 3,474 ಕಿಲೋಮೀಟರ್ ವ್ಯಾಸವನ್ನು ಬೆಳಕಿನ ಚುಕ್ಕೆ 0.0116 ಸೆಕೆಂಡಿಗಿಂತ ಬೇಗ ದಾಟುವಂತೆ ಮಾಡಬಹುದು. ಚುಕ್ಕೆ ಬೆಳಕನ್ನು ಮೀರಿತು, ನಿಜ. ಆದರೆ ಚಂದ್ರನ ಎಡ ಅಂಚಿನಲ್ಲಿರುವವರು ಬಲ ಅಂಚಿಗೆ ಅದರಿಂದ ಏನನ್ನೂ ಕಳಿಸಲಾರರು. ಎರಡೂ ಕಡೆಯ ಚುಕ್ಕೆಗೆ ಕಾರಣ ನಿಮ್ಮ ಕೈಯಲ್ಲಿದೆ. ನೆರಳಿಗೂ ಇದೇ ಮಾತು.

ನೀರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2.25 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ, ಎಲೆಕ್ಟ್ರಾನ್ ಅದನ್ನು ಮೀರಬಹುದು. ಪರಮಾಣು ರಿಯಾಕ್ಟರಿನ ಕೊಳದಲ್ಲಿ ಕಾಣುವ ಚೆರೆಂಕೋವ್ ನೀಲಿ ಹೊಳಪು ಅದರದೇ. ಶಂಕು ಬರೆಯುವುದು ನಿರ್ವಾತದ ವೇಗದಿಂದ, ನೀರಿನ ವೇಗದಿಂದಲ್ಲ.

ಕ್ವಾಂಟಂ ಹೆಣೆತದ (ಒಂದಕ್ಕೊಂದು ಹೆಣೆದುಕೊಂಡ ಎರಡು ಕಣಗಳ ಅಳತೆಗಳು ಎಷ್ಟೇ ದೂರವಿದ್ದರೂ ಹೊಂದಿಕೊಳ್ಳುವುದರ) ಬಗ್ಗೆಯೇ ಗೊಂದಲ ಹೆಚ್ಚು. 2015ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ 1,280 ಮೀಟರ್ ದೂರದ ಎರಡು ಎಲೆಕ್ಟ್ರಾನ್‌ಗಳ ಮೇಲೆ ನಡೆದ, ಈ ಹೊಂದಾಣಿಕೆಯನ್ನು ಪರೀಕ್ಷಿಸುವ ಬೆಲ್ ಪ್ರಯೋಗದಲ್ಲಿ, ಬೆಳಕಿಗೆ ಆ ದೂರ ದಾಟಲು ಬೇಕಾದ 4.27 ಮೈಕ್ರೋಸೆಕೆಂಡಿನೊಳಗೆ ಅಳತೆಯ ಆಯ್ಕೆ ಮತ್ತು ಫಲಿತಾಂಶದ ದಾಖಲೆ ಮುಗಿಯುವಂತೆ ಏರ್ಪಾಡಾಗಿತ್ತು. ಫಲಿತಾಂಶಗಳ ಹೊಂದಾಣಿಕೆ ಸ್ಥಳೀಯ ಕಾರಣಗಳಿಂದ ವಿವರಿಸಲಾಗದಷ್ಟು ಬಲವಾಗಿತ್ತು. ಆದರೂ ಒಂದು ತುದಿಯ ಫಲಿತಾಂಶಗಳನ್ನಷ್ಟೇ ನೋಡಿದರೆ, ಇನ್ನೊಂದು ತುದಿಯವರು ಯಾವ ಅಳತೆ ಆರಿಸಿದರು ಎಂಬ ಸುಳಿವು ಅದರಲ್ಲಿ ಇರುವುದಿಲ್ಲ. ಹೊಂದಾಣಿಕೆ ಕಾಣುವುದು ಎರಡೂ ಪಟ್ಟಿಗಳನ್ನು ಸಾಧಾರಣ ದಾರಿಯಿಂದ ತಂದು ಜೊತೆಗಿಟ್ಟಾಗ. ಸಂದೇಶವಿಲ್ಲ, ಕುಣಿಕೆಯಿಲ್ಲ.

2011ರ ಸೆಪ್ಟೆಂಬರಿನಲ್ಲಿ ಒಪೆರಾ ಎಂಬ ಕಣ ಭೌತವಿಜ್ಞಾನ ಪ್ರಯೋಗ ವರದಿ ಮಾಡಿದ್ದು ಈ ಜರಡಿಯಲ್ಲಿ ನಿಜವಾಗಿಯೂ ಸಿಕ್ಕಿಬೀಳುವಂಥದ್ದು: ಜಿನೀವಾ ಬಳಿಯ ಸಂಶೋಧನಾ ಕೇಂದ್ರ ಸರ್ನ್‌ನಿಂದ 730 ಕಿಲೋಮೀಟರ್ ದೂರದ, ಇಟಲಿಯ ಗ್ರಾನ್ ಸಾಸ್ಸೋ ಪ್ರಯೋಗಾಲಯಕ್ಕೆ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಬೇಗ ಬಂದಂತೆ ಕಂಡಿತು. 2012ರಲ್ಲಿ ಕಾರಣ ಸಿಕ್ಕಿತು. ಸರಿಯಾಗಿ ಕೂರದ ಆಪ್ಟಿಕಲ್ ಫೈಬರ್ ಜೋಡಣೆಯೊಂದು ಸಮಯದ ಲೆಕ್ಕ ಕೆಡಿಸಿತ್ತು.

ಹಂತ 9: ಗುರುತ್ವವಿದ್ದಾಗ ಶಂಕುವನ್ನು ಓರೆಯಾಗಿಸಿ

ಗುರುತ್ವವನ್ನೂ ಒಳಗೊಳ್ಳುವ ಸಾಮಾನ್ಯ ಸಾಪೇಕ್ಷತೆಯಲ್ಲಿ ಒಂದೇ ದೊಡ್ಡ ಶಂಕು ಇಡೀ ಹಾಳೆಗೆ ಸಾಲದು. ಪ್ರತಿ ಚುಕ್ಕೆಗೂ ಅದರದೇ ಪುಟ್ಟ ಶಂಕು ಬರೆಯಬೇಕು, ಅವು ಜಾಗದಿಂದ ಜಾಗಕ್ಕೆ ಓರೆಯಾಗುತ್ತವೆ. ದೂರದ ಗ್ಯಾಲಕ್ಸಿಗಳು ಬೆಳಕಿಗಿಂತ ವೇಗವಾಗಿ ದೂರವಾಗುವುದು ನಿಯಮಭಂಗವಲ್ಲ ಎಂಬುದಕ್ಕೂ ಇದೇ ವಿವರಣೆ: ಪ್ರತಿ ಗ್ಯಾಲಕ್ಸಿಯೂ ತಾನಿರುವಲ್ಲಿನ ಶಂಕುವಿನೊಳಗೇ ಇದೆ, ಹಿಗ್ಗುತ್ತಿರುವುದು ನಡುವಿನ ದೇಶ.

ಕಪ್ಪುಕುಳಿಗೆ ಹಾಳೆ ಬರೆಯುವಾಗ ಎಡಿಂಗ್ಟನ್–ಫಿಂಕೆಲ್‌ಸ್ಟೈನ್ ನಿರ್ದೇಶಾಂಕ (ಕಾಲ, ದೂರಗಳನ್ನು ಗುರುತಿಸುವ ಒಂದು ಕ್ರಮ) ಬಳಸಿ. ದಿಗಂತದ, ಅಂದರೆ ಒಳಗಿನಿಂದ ಬೆಳಕೂ ಹೊರಬರಲಾರದ ಗಡಿಯ, ತ್ರಿಜ್ಯವನ್ನು 1 ಎಂದಿಟ್ಟುಕೊಳ್ಳಿ (ಸೂರ್ಯನಷ್ಟು ರಾಶಿಗೆ ಅದು ಸುಮಾರು 3 ಕಿಲೋಮೀಟರ್), ಕೇಂದ್ರದಿಂದ ದೂರ ‘ತ್ರಿ’ ಇರಲಿ. ಒಳಮುಖ ಬೆಳಕಿನ ಇಳಿಜಾರು (ಒಂದು ಘಟಕ ಕಾಲಕ್ಕೆ ‘ತ್ರಿ’ ಎಷ್ಟು ಬದಲಾಗುತ್ತದೆ ಎಂಬುದು) ಎಲ್ಲೆಡೆ −1. ಹೊರಮುಖ ಬೆಳಕಿನದು (1 − 1/ತ್ರಿ) ÷ (1 + 1/ತ್ರಿ). ತ್ರಿ = 2ರಲ್ಲಿ ಇದು +1/3: ಹೊರಟ ಬೆಳಕು ಕಷ್ಟಪಟ್ಟು ಹೊರಬರುತ್ತದೆ. ತ್ರಿ = 1ರಲ್ಲಿ 0: ಶಂಕುವಿನ ಹೊರ ಅಂಚು ನೆಟ್ಟಗೆ ನಿಂತಿದೆ, ಬೆಳಕು ಅಲ್ಲೇ ತಡೆದಂತಿದೆ. ತ್ರಿ = 1/2ರಲ್ಲಿ −1/3: ‘ಹೊರಮುಖ’ ಬೆಳಕೂ ಒಳಕ್ಕೇ ಸಾಗುತ್ತದೆ, ಶಂಕು ಪೂರ್ತಿ ಕೇಂದ್ರದ ಕಡೆಗೆ ವಾಲಿದೆ. ಅಲ್ಲಿಂದ ಹೊರಗೆ ಯಾವುದಕ್ಕೂ ಕಾರಣವಾಗುವ ದಾರಿಯಿಲ್ಲ.

ಬಹಳ ಪುಸ್ತಕಗಳಲ್ಲಿರುವ ಶ್ವಾರ್ಟ್ಸ್‌ಚೈಲ್ಡ್ ನಿರ್ದೇಶಾಂಕದಲ್ಲಿ ಬರೆದರೆ ಶಂಕುಗಳು ವಾಲುವುದಿಲ್ಲ. ದಿಗಂತ ಹತ್ತಿರವಾದಂತೆ ಕಿರಿದಾಗುತ್ತ ಹೋಗಿ ಮುಚ್ಚಿಕೊಳ್ಳುತ್ತವೆ. ಅದನ್ನು ನೋಡಿ ಒಳಗೆ ಬೀಳುವ ವಸ್ತು ದಿಗಂತದಲ್ಲಿ ನಿಂತುಬಿಡುತ್ತದೆ ಎಂದು ತೀರ್ಮಾನಿಸಬೇಡಿ. ಅದು ಆ ನಿರ್ದೇಶಾಂಕದ ದೋಷ. ಬೀಳುವವರ ಗಡಿಯಾರದಲ್ಲಿ ದಿಗಂತ ದಾಟಲು ಹಿಡಿಯುವುದು ಮಿತವಾದ ಹೊತ್ತೇ.

ಕೈ ಪಳಗಲು ಮೂರು ಲೆಕ್ಕ

ಮೊದಲನೆಯದು: ಕಾ = 5, ದೂ = 13. ಎರಡನೆಯದು: ಕಾ = 17, ದೂ = 8. ಮೂರನೆಯದು: ಕಾ = 5, ಪೂರ್ವಕ್ಕೆ 4, ಉತ್ತರಕ್ಕೆ 3. ‘ಅ’ಯೊಂದಿಗೆ ಪ್ರತಿಯೊಂದರ ಅಂತರ ಯಾವ ಬಗೆಯದು?

ಉತ್ತರ: ಮೊದಲನೆಯದು ದೇಶಸದೃಶ, 25 − 169 = −144; ವೇ = 5/13ರ ವೀಕ್ಷಕರಿಗೆ ಏಕಕಾಲ, ಅವರಿಗೆ ದೂರ 12. ಎರಡನೆಯದು ಕಾಲಸದೃಶ, 289 − 64 = 225; ಎರಡೂ ಘಟನೆಗಳಲ್ಲಿ ಹಾಜರಿದ್ದ ಗಡಿಯಾರ 15 ತೋರಿಸುತ್ತದೆ. ಮೂರನೆಯದರಲ್ಲಿ ದೂರ 16 + 9ರ ವರ್ಗಮೂಲ, ಅಂದರೆ 5. ಅಂತರ ಸೊನ್ನೆ, ಬೆಳಕುಸದೃಶ. ಅದನ್ನು ಕಾಲಸದೃಶ ಎಂದು ಬರೆದಿದ್ದರೆ ನೀವು ಒಂದೇ ದಿಕ್ಕಿನ ದೂರ ತೆಗೆದುಕೊಂಡಿದ್ದೀರಿ, ಹಂತ 2ರ ಕೊನೆಯ ಭಾಗವನ್ನು ಇನ್ನೊಮ್ಮೆ ನೋಡಿ.